ಹಳೆ ಡಿಸ್ಕ್ ಬಿಚ್ಚಿದ ಮೇಲೆ ಡೆಬಿಯನ್ ಮೇಲೇಳುತ್ತಿಲ್ಲ, ಒಳಗೆ ಹೋಗೋದು ಹೇಗೆ?

ಪ್ರಶ್ನೆ (ಮಂಡ್ಯದಿಂದ): ಸರ್, ನಮ್ಮದು ನೂರಡಿ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ. ಪಹಣಿ, ಅರ್ಜಿ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ಅದರಲ್ಲಿ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಇದೆ. ಎರಡನೇ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿತ್ತು, ನಿನ್ನೆ ಬಿಚ್ಚಿದೆವು. ಇವತ್ತು ಆನ್ ಮಾಡಿದರೆ ಒಂದೂವರೆ ನಿಮಿಷ ಸುಮ್ನೆ ಎಣಿಸುತ್ತದೆ, ಆಮೇಲೆ ಎಮರ್ಜೆನ್ಸಿ ಮೋಡ್ ಎಂದು ನಿಲ್ಲುತ್ತದೆ. ರೂಟ್ ಅಕೌಂಟ್ ಲಾಕ್ ಆಗಿದೆ ಅಂತಲೂ ಬರುತ್ತದೆ. ಎಂಟರ್ ಒತ್ತಿದರೆ ಮತ್ತೆ ಅದೇ. ಎಲ್ಲಾ ಅಳಿಸಿ ಹೊಸದಾಗಿ ಹಾಕಿ ಅಂತ ಒಬ್ಬರು ಹೇಳಿದರು. ನಾಲ್ಕು ವರ್ಷದ ಫೈಲುಗಳಿವೆ ಸರ್.

ಉತ್ತರ (ಮೈಸೂರು, ಸಿಸ್ಟಂ ಅಡ್ಮಿನ್): ಮೇಡಂ, ದಯವಿಟ್ಟು ಏನನ್ನೂ ಅಳಿಸಬೇಡಿ. ಕೆಟ್ಟಿರುವುದು ಒಂದೇ ಒಂದು ಸಾಲು. ಯಾವ ಡಿಸ್ಕ್ ಎಲ್ಲಿ ಸೇರಬೇಕು ಎಂಬ ಪಟ್ಟಿ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿದೆ. ಬಿಚ್ಚಿದ ಡಿಸ್ಕಿನ ಹೆಸರು ಅಲ್ಲೇ ಉಳಿದಿದೆ. ಅದಕ್ಕಾಗಿ 90 ಸೆಕೆಂಡ್ ಕಾದು ಮೆಷಿನ್ ನಿಲ್ಲುತ್ತಿದೆ. ರೂಟ್ ಅಂದರೆ ಪೂರ್ತಿ ಅಧಿಕಾರ ಇರುವ ಅಕೌಂಟ್. ಡೆಬಿಯನ್ ಹಾಕುವಾಗ ಅದರ ಪಾಸ್‌ವರ್ಡ್ ಖಾಲಿ ಬಿಟ್ಟಿದ್ದರೆ ರೂಟ್ ಲಾಕ್ ಆಗಿಯೇ ಇರುತ್ತದೆ. ಅದಕ್ಕೇ ಎಮರ್ಜೆನ್ಸಿ ಮೋಡ್ ಎಂಬ ರಿಪೇರಿ ಬಾಗಿಲೂ ತೆರೆಯುತ್ತಿಲ್ಲ.

ಹಾಗಾಗಿ ಅದಕ್ಕೂ ಮೊದಲೇ ತಡೆಯಬೇಕು. ಆನ್ ಮಾಡಿದ ಕೂಡಲೇ ಯಾವ ಸಿಸ್ಟಂ ಶುರು ಮಾಡಬೇಕು ಎಂದು ಕೇಳುವ ಗ್ರಬ್ ಮೆನು ಬರುತ್ತದಲ್ವಾ, ಅಲ್ಲಿ ಬಾಣದ ಕೀ ಒತ್ತಿದರೆ ಎಣಿಕೆ ನಿಲ್ಲುತ್ತದೆ. ಮೊದಲ ಸಾಲಿನ ಮೇಲೆ ನಿಂತು 'ಇ' ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಉದ್ದ ಸಾಲಿನ ಕೊನೆಗೆ ಹೋಗಿ. ಒಂದು ಸ್ಪೇಸ್ ಬಿಟ್ಟು, ಇಂಗ್ಲಿಷ್ ಸಣ್ಣಕ್ಷರದಲ್ಲಿ ಇನಿಟ್=/ಬಿನ್/ಬ್ಯಾಷ್ ಎಂದು ಸೇರಿಸಿ, ಎಫ್10 ಒತ್ತಿ. ಈ ಬದಲಾವಣೆ ಈ ಒಂದು ಸಲಕ್ಕೆ ಮಾತ್ರ, ಭಯ ಬೇಡ.

ಪಾಸ್‌ವರ್ಡ್ ಕೇಳದೆ ರೂಟ್ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ಜಾಗ, ಬರುತ್ತದೆ. ಆದರೆ ಆಗ ಡಿಸ್ಕ್ ಓದಲು ಮಾತ್ರ ಸಿಗುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ: ತಿದ್ದುತ್ತಾರೆ, ಸೇವ್ ಆಗುವುದಿಲ್ಲ. ಮೊದಲು, ಇಂಗ್ಲಿಷ್ ಸಣ್ಣಕ್ಷರದಲ್ಲೇ, ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ / ಎಂಬ ಕಮಾಂಡ್ ಕೊಡಿ, ಡಿಸ್ಕಿಗೆ ಬರೆಯಲೂ ಆಗುತ್ತದೆ. ಆಮೇಲೆ ನ್ಯಾನೋ ಎಂಬ ಎಡಿಟರಿನಲ್ಲಿ ಆ ಎಫ್‌ಎಸ್‌ಟ್ಯಾಬ್ ಫೈಲ್ ತೆರೆಯಿರಿ. ಸಾಲಿನ ಮೊದಲಲ್ಲಿ ಉದ್ದನೆಯ ನಂಬರ್ ಇರುತ್ತದೆ, ಅದರಿಂದ ಏನೂ ಗೊತ್ತಾಗದು. ಎರಡನೇ ಪದ ನೋಡಿ, ಹಳೆ ಡಿಸ್ಕ್ ತೆರೆಯುತ್ತಿದ್ದ ಫೋಲ್ಡರ್ ಹೆಸರು ಅಲ್ಲಿರುತ್ತದೆ. ಆ ಸಾಲಿನ ಶುರುವಿನಲ್ಲೇ ಹ್ಯಾಶ್ ಗುರುತು (#) ಹಾಕಿ, ಮೆಷಿನ್ ಆ ಸಾಲನ್ನು ಬಿಟ್ಟುಬಿಡುತ್ತದೆ. ಎರಡನೇ ಪದ ಬರೀ ಸ್ಲ್ಯಾಶ್ ಇರುವ ಸಾಲನ್ನು ಮುಟ್ಟಲೇಬೇಡಿ. ಸೇವ್ ಮಾಡಿ, ಬರೆದದ್ದು ಡಿಸ್ಕಿಗೆ ಇಳಿಯಲು ಸಿಂಕ್ ಕೊಟ್ಟು, ರೀಬೂಟ್ -ಎಫ್ ಕೊಡಿ. ಎಕ್ಸಿಟ್ ಅಂತ ಕೊಟ್ಟರೆ ಕರ್ನಲ್ ಪ್ಯಾನಿಕ್ ಆಗಿ ಮೆಷಿನ್ ಅಲ್ಲೇ ನಿಂತುಬಿಡುತ್ತದೆ, ಕೊಡಬೇಡಿ.

ಪ್ರಶ್ನೆ ಕೇಳಿದವರು: ಆಯಿತು ಸರ್! ಫೈಲೆಲ್ಲಾ ಹಾಗೇ ಇವೆ. ಹೊಸ ಡಿಸ್ಕ್ ಹಾಕಿದರೆ ಮುಂದೆ ಮತ್ತೆ ಹೀಗೇ ಆಗುತ್ತದಾ?

ಉತ್ತರ: ಹೊಸ ಡಿಸ್ಕಿಗಾಗಿ ಅದೇ ಫೈಲಿನಲ್ಲಿ ಬರೆಯುವ ಸಾಲಿನಲ್ಲಿ, ಆಯ್ಕೆಗಳ ಜಾಗಕ್ಕೆ (ನಾಲ್ಕನೇ ಪದ) 'ನೋಫೇಲ್' ಸೇರಿಸಿ. ಡಿಸ್ಕ್ ಇಲ್ಲದಿದ್ದರೂ ಮೆಷಿನ್ ಮೇಲೇಳುತ್ತದೆ. ಇವತ್ತೇ ಫೈಲುಗಳ ಒಂದು ಕಾಪಿ ಬೇರೆ ಕಡೆ ಇಡಿ ಮೇಡಂ.

ಇನ್ನೊಬ್ಬ ಸದಸ್ಯರು: ಅಂದರೆ ಕೀಬೋರ್ಡ್ ಮುಂದೆ ಕೂತ ಯಾರು ಬೇಕಾದರೂ ಹೀಗೆ ಒಳಗೆ ಬರಬಹುದಾ?

ಉತ್ತರ: ಹೌದು. ಗ್ರಬ್‌ಗೆ ಪಾಸ್‌ವರ್ಡ್ ಹಾಕಬಹುದು. ಆದರೆ ಡಿಸ್ಕನ್ನೇ ಬಿಚ್ಚಿ ಒಯ್ದರೆ ಅದು ಕಾಯುವುದಿಲ್ಲ. ಗಿರಾಕಿಗಳ ಆಧಾರ್ ಪ್ರತಿ ಇರುವ ಅಂಗಡಿಯಲ್ಲಿ, ಹೊಸದಾಗಿ ಡೆಬಿಯನ್ ಹಾಕುವಾಗಲೇ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿಸಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರಿಗೂ ಓದಲಾಗದಂತೆ.