ಮೂವರು ಹೆಣ್ಣುಮಕ್ಕಳ ಪ್ರೀತಿ, ಎಂಟು ಕಂತಿನ ಸರಣಿ: ಐದನೇ ಕಂತಿಗೆ ಬಂಡಿ ನಿಂತದ, ದಾರಿ ಹೇಳ್ರಿ

ಕೋಟೆಬಾಗಿಲು ಕೇಳಿದ್ದು:
ಎಂಟು ಕಂತು, ಕಂತಿಗೆ 22 ನಿಮಿಷ. ಶಾಂತಾ (34) ಕಲಬುರಗಿ ದಾಲ್ ಮಿಲ್ಲಿನಾಗ ಲೆಕ್ಕ ಬರಿಯಾಕಿ. ಗೌರಿ (33) ಯಾದಗಿರಿ ಸರ್ಕಾರಿ ಆಸ್ಪತ್ರೆ ನರ್ಸ್, ಗಂಡ ಇದ್ದಾನ, ಒಂದು ಮಗು ಅದ. ಇಬ್ಬರದೂ ಕಾಲೇಜಿನಿಂದ ಬಂದ ಪ್ರೀತಿ, ಗೌರಿ ಮದುವಿ ಆದ ಮ್ಯಾಲೂ ಬಿಟ್ಟೂ ಬಿಡಲಾರದ್ದು. ಈಗ ಬೀದರಿನ ಬಿದರಿ (ಲೋಹದಾಗ ಬೆಳ್ಳಿ ಕೂಡಿಸೂ ಕೆಲಸ) ಕುಶಲಕರ್ಮಿ ರೇಷ್ಮಾ (29) ಶಾಂತಾನ ಬಾಳಿಗೆ ಬಂದಾಳ. ಕಥಿ ನಡಿಯೂದು 2024ರಾಗ. ನಾಲ್ಕು ಕಂತು ಬರೆದಾಗ್ಯದ. ಐದರಿಂದ ಅಳು, ಜಗಳ, ಮತ್ತ ಅಳು. ಓದಿದವರು "ಒಬ್ಬಾಕಿನ್ನ ಸಾಯಿಸಿಬಿಡ್ರಿ, ಕಥಿ ಮುಗೀತದ" ಅಂತಾರ. ಬಗೆಹರಿಸೂದು ಹ್ಯಾಂಗ?

ಹಳೇಕರಡು:
ಸಾಯಿಸಬೇಡಿ. ಇದು ಸವೆದ ದಾರಿ. 2016ರ ಮಾರ್ಚ್‌ನಲ್ಲಿ ಅಮೆರಿಕದ 'ದಿ 100' ಸರಣಿಯಲ್ಲಿ ಲೆಕ್ಸಾ ಎಂಬ ಪಾತ್ರವನ್ನು, ಅವಳು ತನ್ನ ಗೆಳತಿಯನ್ನು ಕೂಡಿದ ಬೆನ್ನಿಗೇ, ಯಾರಿಗೋ ಹಾರಿಸಿದ ಗುಂಡಿಗೆ ಬಲಿ ಕೊಟ್ಟರು. ನೋಡುಗರು ಎಷ್ಟು ಸಿಟ್ಟಾದರೆಂದರೆ ಸರಣಿಯ ಮುಖ್ಯಸ್ಥರೇ ಕ್ಷಮೆ ಕೇಳಬೇಕಾಯಿತು. ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಕೊನೆಗೆ ಹೆಣ ಬೀಳಲೇಬೇಕು ಅನ್ನುವ ಲೆಕ್ಕ ನೋಡುಗರಿಗೆ ಬಾಯಿಪಾಠವಾಗಿದೆ.

ನಿಮ್ಮ ಅಳುವಿನ ಮೂಲ ಬೇರೆ. ನಾಲ್ಕನೇ ಕಂತಿಗೇ ಎಲ್ಲರಿಗೂ ಎಲ್ಲ ಗೊತ್ತಾಗಿಹೋಗಿದೆ ಅನ್ನಿಸುತ್ತದೆ. ಹೊಸದಾಗಿ ತಿಳಿಯುವುದು ಏನೂ ಉಳಿಯದಿದ್ದರೆ ಪಾತ್ರಗಳು ಅಳುವುದೊಂದನ್ನೇ ಮಾಡುತ್ತವೆ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಎಂಟು ಕಂತು. ಉದ್ದಕ್ಕೆ ಮೂವರು, ಗೌರಿಯ ಗಂಡ, ಅತ್ತೆ, ಶಾಂತಾಳ ಮನೆ ಮಾಲಕಿ. ಹಾಳೆಯ ಪ್ರತಿ ಮನೆಯಲ್ಲಿ (ಚೌಕದಲ್ಲಿ) ಒಂದೇ ವಾಕ್ಯ: ಈ ಕಂತು ಮುಗಿಯುವ ಹೊತ್ತಿಗೆ ಇವರಿಗೆ ಗೊತ್ತಿರುವುದು ಏನು, ತಪ್ಪಾಗಿ ತಿಳಿದಿರುವುದು ಏನು. ಯಾವ ಕಂತಿನ ಸಾಲು ಹಿಂದಿನದರ ನಕಲಿನಂತೆ ಕಾಣುತ್ತದೋ ಆ ಕಂತು ಖಾಲಿ. ಕಂತಿಗೆ ಒಂದು ಮನೆ ಬದಲಾದರೆ ಸಾಕು, ಎರಡಾದರೆ ಹೆಚ್ಚು. ಮೂರು ಒಟ್ಟಿಗೆ ಬದಲಾಗುವ ಕಂತು ಒಂದೇ ಇರಲಿ, ಅದು ಏಳನೆಯದು.

ತಪ್ಪು ತಿಳಿವಳಿಕೆಯ ಬೆಲೆ ಸತ್ಯದ ಬೆಲೆಗಿಂತ ಹೆಚ್ಚು. ರೇಷ್ಮಾಳಿಗೆ ಮೂರನೇ ಕಂತಿನಲ್ಲಿ ಗೌರಿ ಎಂಬ ಹೆಸರು ಕಿವಿಗೆ ಬೀಳಲಿ, ಆದರೆ ಅವಳು ಶಾಂತಾಳ ಚಿಕ್ಕಮ್ಮನ ಮಗಳು ಅಂದುಕೊಳ್ಳಲಿ. ಆ ತಪ್ಪನ್ನು ಶಾಂತಾ ತಿದ್ದದೆ ಬಿಡಲಿ. ಸುಳ್ಳು ಹೇಳಿಲ್ಲ, ಸುಮ್ಮನಿದ್ದಾಳೆ ಅಷ್ಟೆ. ಮೂರು ಕಂತು ನಡೆಯಲು ಅಷ್ಟು ಸಾಕು.

ಇನ್ನೊಂದು. ತ್ರಿಕೋನಕ್ಕೆ ಮೂರು ಬದಿ. ಬಹಳ ಮಂದಿ ಎರಡನ್ನೇ ಬರೆಯುತ್ತಾರೆ. ರೇಷ್ಮಾ–ಗೌರಿ ಬದಿ ನಿಮ್ಮಲ್ಲಿ ಇಲ್ಲ. ಜಗಳಕ್ಕೆ ಮುಂಚೆ ಅವರಿಬ್ಬರಿಗೆ ನಾಲ್ಕು ದೃಶ್ಯವಾದರೂ ಬೇಕು. ಗೌರಿ ಶಾಂತಾಳ ಹುಟ್ಟುಹಬ್ಬಕ್ಕೆಂದು ಫೋನಿನಲ್ಲೇ ರೇಷ್ಮಾಳಿಗೆ ಬಿದರಿ ಡಬ್ಬಿ ಮಾಡಿಕೊಡಲು ಹೇಳಬಹುದು, ಮುಚ್ಚಳದ ಮೇಲೆ 'ಶಾ' ಅಂತ ಅಕ್ಷರ. ಗಿರಾಕಿ–ಕುಶಲಕರ್ಮಿಯಾಗಿ ಅವರು ಹಿತವಾಗಿ ಮಾತಾಡಲಿ, ಒಬ್ಬರಿಗೊಬ್ಬರು ಇಷ್ಟವಾಗಲಿ. ಆಮೇಲೆ ಯಾರ ಕಡೆ ನಿಲ್ಲಬೇಕೆಂದು ನೋಡುಗರೇ ಒದ್ದಾಡುತ್ತಾರೆ.

ಅಳತೆ: 22 ನಿಮಿಷಕ್ಕೆ 14–16 ದೃಶ್ಯ. ಕಂತಿಗೆ ಒಂದೇ ಒಂದು ನಾಲ್ಕು ನಿಮಿಷದ ದೃಶ್ಯ, ಇಬ್ಬರೇ, ಹಿನ್ನೆಲೆ ಸಂಗೀತವಿಲ್ಲದೆ. ಪುಟ ಎಣಿಸಿ ಸಮಯ ಅಂದಾಜು ಮಾಡಬೇಡಿ, ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ನಮ್ಮ ಕಡೆಯ ಮಾತು ತುಂಡು ತುಂಡು. ಪುಟ ತುಂಬಿರುತ್ತದೆ, ನಿಮಿಷ ತುಂಬಿರುವುದಿಲ್ಲ.

ಭೀಮಾದಂಡಿ:
ಮಾತಿನ ಬಗ್ಗಿ ಹೇಳ್ತೀನಿ. ಇಲ್ಲಿ ಪ್ರೀತಿ ತೋರ್ಸಲಾಕ ಮುತ್ತು ಬೇಕಾಗೂದಿಲ್ರಿ, "ರೀ" ಒಂದು ಬಿದ್ದು ಹೋದ್ರ ಸಾಕು. ಒಂದನೇ ಕಂತಿನಾಗ ರೇಷ್ಮಾ "ಊಟ ಆಯ್ತೇನ್ರಿ ಮೇಡಂ?" ಅಂತಾಳ. ಎರಡರಾಗ "ಊಟ ಆಯ್ತೇನ್ರಿ?" ಮೂರನೇದ್ರಾಗ, ಮಂದಿ ಇಲ್ಲದಾಗ, "ಉಂಡೀ?" ಅದನ್ನ ಎಲ್ಲೂ ಬಿಡಿಸಿ ಹೇಳಬ್ಯಾಡ್ರಿ. ಕಲಬುರಗಿ ನೋಡುಗರಿಗಿ ಥಟ್ಟನೆ ಹೊಳೀತದ. ಜಗಳಾದ ದಿನ "ರೀ" ತಿರುಗಿ ಬರ್ಲಿ. ಬೈಗಳಕ್ಕಿಂತ ಅದು ಹೆಚ್ಚು ಚುಚ್ತದ.

ಎರಡನೇದು, "ಅಕ್ಕ". ಶಾಂತಾ ಐದು ವರ್ಷ ದೊಡ್ಡಾಕಿ. ಮಂದಿ ಮುಂದ ರೇಷ್ಮಾ "ಅಕ್ಕಾ" ಅಂದ್ರ ಯಾರಿಗೂ ಸಂಶಯ ಬರೂದಿಲ್ಲ. ಮನಿ ಮಾಲಕಿ "ಅಕ್ಕ-ತಂಗಿ ಹಂಗ ಇದ್ದೀರಿ" ಅಂತ ಮೆಚ್ಚಲಿ. ಮುಚ್ಚಿಕೊಳ್ಳಲಾಕ ಸಿಕ್ಕ ಆ ಶಬ್ದ ಒಂದಿನ ರೇಷ್ಮಾಗೇ ಬ್ಯಾಸರ ಆಗಬೇಕು. ಮನ್ಯಾಗ ಮಾತ್ರ ಅಕಿ ದಖನಿ (ಈ ಕಡಿ ಉರ್ದು) ಮಾತಾಡ್ಲಿ, ಅವ್ವಗ "ಅಮ್ಮಿ", ದೊಡ್ಡ ಅಕ್ಕಗ "ಆಪಾ". ಶಾಂತಾ ತಪ್ಪು ತಪ್ಪಾಗಿ "ನಕ್ಕೋ" (ಬ್ಯಾಡ) ಅನ್ನಲಾಕ ಕಲೀಲಿ, ನಗೂ ಬರ್ಲಿ. ಎಂಟು ಕಂತಿನಾಗ ಒಂದು ನಗು ಬ್ಯಾಡೇನ್ರಿ?

ಮತ್ತ "ಐತಿ" ಬರೀಬ್ಯಾಡ್ರಿ, ಅದು ಧಾರವಾಡ-ವಿಜಯಪುರ ಕಡಿ. ಇಲ್ಲಿ "ಅದ". ಕಾಲೇಜಿನ ಹಿನ್ನೋಟದಾಗ ಬೋರ್ಡ್ ಮ್ಯಾಲ "ಗುಲ್ಬರ್ಗಾ" ಇರ್ಲಿ. ಹೆಸರು ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕ.

ವಾಡಿ ಜಂಕ್ಷನ್:
ಮೂರು ಊರು, ಮೂರು ದೂರ. ಕಲಬುರಗಿ–ಯಾದಗಿರಿ ರೈಲಿನಲ್ಲಿ ಸುಮಾರು 75 ಕಿ.ಮೀ., ವಾಡಿ ಮೇಲೆ ಹೋಗಬೇಕು. ಹೋಗಿ ಬರುವುದು ಒಂದೇ ದಿನದ ಕೆಲಸ, ಹಾಗಾಗಿ ಗೌರಿಯ ಸುಳ್ಳು ಸಣ್ಣದಾದರೂ ನಡೆಯುತ್ತದೆ. ಬೀದರ್ ಹಾಗಲ್ಲ, ಹುಮನಾಬಾದ್ ಮೇಲೆ ನೂರು ಕಿ.ಮೀ. ದಾಟುತ್ತದೆ. ಹೋದವರು ಉಳಿದುಕೊಳ್ಳಬೇಕಾಗುತ್ತದೆ, ಉಳಿದರೆ ಪ್ರಶ್ನೆ ಏಳುತ್ತದೆ. ಬೀದರ್–ಕಲಬುರಗಿ ನೇರ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅದಕ್ಕೂ ಹಿಂದಿನ ಹಿನ್ನೋಟದಲ್ಲಿ ಯಾರನ್ನೂ ಆ ರೈಲಿಗೆ ಹತ್ತಿಸಬೇಡಿ.

ಬಸ್ಸು ಇನ್ನೂ ಒಳ್ಳೆಯದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಗೌರಿ ಗಂಡನ ಹತ್ತಿರ ದುಡ್ಡು ಕೇಳಬೇಕಾಗಿಲ್ಲ. ಆದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾನೆ, ಅದರ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಅಚ್ಚಾಗಿರುತ್ತದೆ. ಒಗೆಯಲು ಹಾಕಿದ ಚೂಡಿದಾರದ ಜೇಬಿನಲ್ಲಿ ಅತ್ತೆಗೆ ಆ ಚೀಟಿ ಸಿಗಲಿ. ಪೊಲೀಸ್ ಬೇಡ, ಮೊಬೈಲ್ ಕದ್ದು ನೋಡುವುದೂ ಬೇಡ. ಹಳೇಕರಡು ಹೇಳಿದ ಹಾಳೆಯಲ್ಲಿ ಐದನೇ ಕಂತಿಗೆ ಬದಲಾಗುವ ಮನೆ ಅದೇ.

ತೊಗರಿ ಕಣ:
ಶಾಂತಾಳ ಕೆಲಸವನ್ನು ಬರೀ ಹೆಸರಿಗೆ ಇಟ್ಟಂತಿದೆ. ತೊಗರಿ ರಾಶಿ ಡಿಸೆಂಬರ್–ಜನವರಿ, ಎಪಿಎಂಸಿಗೆ ಮಾಲು ಏರುವುದು ಆಮೇಲೆ. ಆ ಎರಡು-ಮೂರು ತಿಂಗಳು ಮಿಲ್ಲಿನ ಲೆಕ್ಕದವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅವಳು ಫೋನ್ ಎತ್ತುತ್ತಿಲ್ಲ ಅಂದರೆ ಪ್ರೀತಿ ಕಡಿಮೆಯಾಗಿದೆ ಅಂತ ರೇಷ್ಮಾ ತಿಳಿದರೆ ಅದು ನ್ಯಾಯವಾದ ತಪ್ಪು. ಎಳ್ಳಮಾವಾಸ್ಯೆ ಇದೇ ಹೊತ್ತಿಗೆ ಬರುತ್ತದೆ. ಹೊಲಕ್ಕೆ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಮನೆಯವರೆಲ್ಲ ಹೋಗಿರುತ್ತಾರೆ, ಭಜ್ಜಿ (ಕಾಳು-ಸೊಪ್ಪಿನ ಪಲ್ಯ), ಸಜ್ಜಿ ರೊಟ್ಟಿ ಕಟ್ಟಿಕೊಂಡು ಗೆಳತಿಯರನ್ನೂ ಕರೆಯುವ ರೂಢಿ. ಶಾಂತಾ ಇಬ್ಬರನ್ನೂ ಕರೆದುಬಿಡಲಿ. ಶಾಂತಾಳ ತಾಯಿ ಯಾರ ತಟ್ಟೆಗೆ ಎರಡನೇ ಸಲ ಭಜ್ಜಿ ಹಾಕಿದಳು ಅನ್ನುವುದರಲ್ಲೇ ಕಂತು ನಿಲ್ಲುತ್ತದೆ.

ಹಳೇಕರಡು:
ಅದು ಆರನೇ ಕಂತು. ಐದಕ್ಕೆ ತರಬೇಡಿ.

ಕಲಮು-ಕಾಯ್ದೆ:
ಕಾನೂನಿನಲ್ಲಿ ಎಡವಿದರೆ ನಾಟಕ ಸುಳ್ಳಾಗುತ್ತದೆ. ಇವರು ಕಾಲೇಜಿನಲ್ಲಿದ್ದದ್ದು 2010–13ರಲ್ಲಿ ಅಂದುಕೊಂಡರೆ ಕಾಲ ತುಂಬಾ ಹೇಳುತ್ತದೆ. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ಅಂಥ ಸಂಬಂಧ ಅಪರಾಧವಲ್ಲ ಅಂದಿತು. ಗೌರಿ ಒಪ್ಪಿ ಮದುವೆಯಾದದ್ದು 2014ರ ಬೇಸಿಗೆಯಲ್ಲಿ ಅಂತ ಇಟ್ಟರೆ, ಯಾರೂ ಬಾಯಿಬಿಡದ ಒಂದು ಕಾರಣ ಹಿಂದೆ ನಿಂತಿರುತ್ತದೆ. ಒಂದು ಹಳೆಯ ಪತ್ರಿಕೆಯ ಪುಟ ಸಾಕು, ಭಾಷಣ ಬೇಡ.

"ರಿಜಿಸ್ಟರ್ ಮದುವೆ ಆಗೋಣ" ಅಂತ ಬರೆಯಬೇಡಿ. 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇಲ್ಲ. ಆದರೆ ಜೊತೆಗಿರುವುದು ಅಪರಾಧವಲ್ಲ. ಮನೆಯವರು ಕೂಡಿಹಾಕಿದರೆ ಹೇಬಿಯಸ್ ಕಾರ್ಪಸ್ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸುವ) ಅರ್ಜಿಗೆ ಬೆಂಗಳೂರಿಗೆ ಓಡಿಸಬೇಡಿ, ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ.

ವಿಚ್ಛೇದನ ಎಂಟು ಕಂತಿನಲ್ಲಿ ಮುಗಿಯಬೇಕೆಂದರೆ ಕಥೆಯ ಕಾಲ ಲೆಕ್ಕ ಹಾಕಿ. ಇಬ್ಬರೂ ಒಪ್ಪಿದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ಅರ್ಜಿಗೆ ಮುಂಚೆ ಒಂದು ವರ್ಷ ಬೇರೆಯಾಗಿರಬೇಕು, ಆಮೇಲೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು. ಮಗುವಿನ ವಯಸ್ಸು ನೀವು ಹೇಳಿಲ್ಲ, ಅದೇ ದೊಡ್ಡದು. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಅನ್ನುತ್ತದೆ ಕಾನೂನು. ನಾಲ್ಕೂವರೆ ವರ್ಷ ಅಂತ ಮಾಡಿ. ಗೌರಿ ಮುಂದೂಡಿದ ಒಂದೊಂದು ತಿಂಗಳಿಗೂ ಬೆಲೆ ಬರುತ್ತದೆ.

ಮೂಲೆಮನೆ:
ಗಂಡನನ್ನು ಕುಡುಕ, ಹೊಡೆಯುವವ ಅಂತ ಮಾಡಬೇಡಿ. ಅವನು ಕೆಟ್ಟವನಾದರೆ ಗೌರಿಯ ತೊಡಕು ಅರ್ಧ ಕರಗಿಹೋಗುತ್ತದೆ, ಬಿಟ್ಟು ಬಂದಳು, ಸರಿ ಮಾಡಿದಳು ಅನ್ನುತ್ತಾರೆ. "ನೈಟ್ ಡ್ಯೂಟಿ" ಅಂತ ಸುಳ್ಳು ಹೇಳಿ ಹೊರಟವಳ ಚೀಲಕ್ಕೆ ಅವನೇ ಚಹಾ ತುಂಬಿದ ಫ್ಲಾಸ್ಕ್ ಇಡಲಿ. ಆ ಚಹಾವನ್ನು ಶಾಂತಾ ಕುಡಿಯಬೇಕಾಗುತ್ತದೆ.

ಭೀಮಾದಂಡಿ:
ಪೂರ್ತಿ ದೇವರನ್ನೂ ಮಾಡಬ್ಯಾಡ್ರಿ ಮತ್ತ. ಒಳ್ಳೆ ಗಂಡ ಅಂದಕೂಡ್ಲೆ ನೋಡುಗರು ಎರಡೂ ಹೆಣ್ಣುಮಕ್ಕಳನ್ನ ಬೈಲಾಕ ಶುರು ಮಾಡ್ತಾರ. ಚಹಾ ಇಡ್ಲಿ, ಆದ್ರ ಅಕಿ ಪಗಾರದ ಎಟಿಎಂ ಕಾರ್ಡ್ ಅವನ ಕಿಸೆದಾಗ ಇರ್ಲಿ.

ಕೋಟೆಬಾಗಿಲು:
ಎಲ್ಲರಿಗೂ ಶರಣು. ಮಗು ನಾಲ್ಕೂವರೆ, ಬಸ್ ಚೀಟಿ ಐದಕ್ಕ, ಎಳ್ಳಮಾವಾಸ್ಯೆ ಆರಕ್ಕ. ಒಂದೇ ಉಳೀತು: ಆ ಡಬ್ಬಿ ಯಾರಿಗಂತ ರೇಷ್ಮಾಗ ಯಾವಾಗ ಗೊತ್ತಾಗಬೇಕು?

ಸತು-ಬೆಳ್ಳಿ:
ಕೆಲಸದ ಕ್ರಮ ನೋಡಿದರೆ ಉತ್ತರ ಅಲ್ಲೇ ಇದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಕೆತ್ತಿ, ಆ ತೋಡಿಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಎರಡೂ ಕೈ ಬೇಕು, ಹಾಗಾಗಿ ಫೋನ್ ಬಡಿದುಕೊಂಡರೂ ಎತ್ತಲಾಗದ ದೃಶ್ಯ ಇಲ್ಲಿ ಸಹಜ. ಮತ್ತೆ ಉಜ್ಜಿದಾಗ ಆ ತಾತ್ಕಾಲಿಕ ಕಪ್ಪು ಹೋಗಿ ಬೂದು ಸತು, ಬಿಳಿ ಬೆಳ್ಳಿ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬರುತ್ತವೆ. ಅಕ್ಷರ ಇದ್ದೂ ಕಾಣುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿ ಸವರಿದಾಗ ಸತು ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಎದ್ದು ನಿಲ್ಲುತ್ತದೆ. ಇದನ್ನು ಪ್ರೀತಿಗೆ ಹೋಲಿಸಿ ಸಂಭಾಷಣೆ ಬರೆಯಬೇಡಿ ದಯವಿಟ್ಟು, ಬಿದರಿ ಬಗ್ಗೆ ಬರೆದವರೆಲ್ಲ ಆ ಹೋಲಿಕೆ ಹಿಂಡಿಯಾಗಿದೆ.

ಕೆತ್ತುವ ಮುಂಚೆ ಗೊತ್ತಾದರೆ ಅವಳು ಕೆಲಸ ಒಲ್ಲೆ ಅನ್ನಬಹುದು. ಕಪ್ಪಾದ ಮೇಲೆ ಗೊತ್ತಾದರೆ ಮಾಡಲು ಏನೂ ಉಳಿದಿಲ್ಲ. ಬೆಳ್ಳಿ ಬಡಿದಾದ ಮೇಲೆ, ಮಣ್ಣು ಸವರುವ ಮುಂಚೆ ಗೊತ್ತಾಗಲಿ. ಗೌರಿ ಫೋನಿನಲ್ಲಿ ತಲುಪಿಸುವ ವಿಳಾಸ ಹೇಳುತ್ತಾಳೆ, ರೇಷ್ಮಾ ಬರೆದುಕೊಳ್ಳುತ್ತಾ ಅರ್ಧಕ್ಕೇ ಪೆನ್ನು ನಿಲ್ಲಿಸುತ್ತಾಳೆ, ಉಳಿದರ್ಧ ಅವಳಿಗೆ ಬಾಯಿಪಾಠ. ಆರನೇ ಕಂತು ಅಲ್ಲಿಗೆ ಮುಗಿಯಲಿ. ಏಳರ ಮೊದಲ ದೃಶ್ಯದಲ್ಲಿ ಶಾಂತಾ ಪಾರ್ಸೆಲ್ ಬಿಚ್ಚುತ್ತಾಳೆ: ಕಪ್ಪು ಮಾಡದ ಬೂದು ಡಬ್ಬಿ. ಬೆಳಕಿಗೆ ಓರೆ ಹಿಡಿದರೆ ಮಾತ್ರ 'ಶಾ' ಕಾಣುತ್ತದೆ.