ಕಾಕಾನ ಮೆದುಳಲ್ಲಿ ರಕ್ತಸ್ರಾವ ಅಂತೆ, ಆಪರೇಷನ್ ಬೇಡ ಅಂತಿದ್ದಾರೆ, ಏನು ಮಾಡಲಿ?

ಗದಗ_ಹುಡುಗ: ನಮ್ಮ ಕಾಕಾಗೆ 58 ವಯಸ್ಸು. ಮೊನ್ನೆ ಎಪಿಎಂಸಿಯಲ್ಲಿ ಶೇಂಗಾ ಚೀಲ ತೂಕ ಮಾಡಿಸುತ್ತಾ ನಿಂತವರು ತಲೆ ಸಿಡಿಯುತ್ತಿದೆ ಅಂದರು, ವಾಂತಿ ಮಾಡಿಕೊಂಡರು, ನೋಡನೋಡುತ್ತಲೇ ಎಡಗೈ ಎಡಗಾಲು ಸ್ವಾಧೀನ ತಪ್ಪಿತು. ಹುಬ್ಬಳ್ಳಿಗೆ ತಂದೆವು. ಬಿಪಿ 210 ಇತ್ತು. ಸಿಟಿ ಸ್ಕ್ಯಾನ್‌ನಲ್ಲಿ ಬಲ ಮೆದುಳಿನ ಒಳಗಡೆ ರಕ್ತ ಸೋರಿದೆ ಅಂತ ಬಂತು. ನಮ್ಮ ಓಣಿಯ ಅಜ್ಜನಿಗೆ ಲಕ್ವಾ ಹೊಡೆದಾಗ ಒಂದು ಇಂಜೆಕ್ಷನ್ ಹಾಕಿದ್ದರು, ವಾರದಲ್ಲಿ ಎದ್ದು ಓಡಾಡಿದ. ಇಲ್ಲಿ ಆ ಇಂಜೆಕ್ಷನ್ನೂ ಇಲ್ಲ, ಆಪರೇಷನ್ನೂ ಇಲ್ಲ, ಬರೀ ಐಸಿಯುನಲ್ಲಿಟ್ಟು ನೋಡೋಣ ಅಂತಾರೆ. ಕಾಕು ಒಂದೇ ಸಮ ಅಳ್ತಿದ್ದಾರೆ. ಬೇರೆ ಕಡೆ ಒಯ್ಯಬೇಕಾ?

ಧಾರವಾಡ_ಸಿಸ್ಟರ್: ತಮ್ಮಾ, ಆ ಇಂಜೆಕ್ಷನ್ ಹಾಕದೇ ಇದ್ದದ್ದೇ ಸರಿ. ಅಜ್ಜನಿಗೆ ರಕ್ತನಾಳ ಕಟ್ಟಿಕೊಂಡಿರಬೇಕು, ಹೆಪ್ಪು ಕರಗಿಸುವ ಔಷಧಿ ಅದಕ್ಕೆ, ಅದೂ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಕಾಕಾಗೆ ನಾಳ ಒಡೆದಿದೆ. ಅವರಿಗೆ ಅದನ್ನೇ ಕೊಟ್ಟರೆ ಸೋರುವುದು ಇನ್ನೂ ಜಾಸ್ತಿ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಮೊದಲು ಸಿಟಿ. ಹೊಸ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ.

ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಮೆದುಳಿನ ಒಳಭಾಗದ ಸಣ್ಣ ನಾಳಗಳ ಗೋಡೆ ಹಾಳಾಗುತ್ತದೆ, ಒಂದು ದಿನ ಒಡೆಯುತ್ತದೆ. ತಲೆಬುರುಡೆ ಹಿಗ್ಗಲ್ಲ, ಸೋರಿದ ರಕ್ತ ಮೆದುಳನ್ನೇ ಒತ್ತುತ್ತದೆ. ಮೊದಲ ಕೆಲವು ಗಂಟೆ ಅದು ದೊಡ್ಡದಾಗುವ ಭಯ, ಆಮೇಲೆ ಬಾವಿನ ಭಯ. ಹಾಗಾಗಿ "ನೋಡೋಣ" ಅಂದರೆ ಸುಮ್ನೆ ಕೂತಿದ್ದಾರೆ ಅಂತಲ್ಲ. ಬಿಪಿಯನ್ನು 140ರ ಹತ್ತಿರಕ್ಕೆ ತರುತ್ತಿರುತ್ತಾರೆ, ಎಚ್ಚರ ಹೇಗಿದೆ, ಕಣ್ಣಿನ ಪಾಪೆ ಹೇಗಿದೆ ಅಂತ ಗಂಟೆಗಂಟೆಗೂ ನೋಡುತ್ತಾರೆ. ಒಳಗೆ ಆಳದಲ್ಲಿರುವ ರಕ್ತವನ್ನು ತೆಗೆಯಲು ಹೋದರೆ ದಾರಿಯಲ್ಲಿರುವ ಚೆನ್ನಾಗಿರೋ ಮೆದುಳಿಗೂ ಪೆಟ್ಟು ಬೀಳುತ್ತದೆ. ಚಿಕ್ಕದಿದ್ದರೆ ವಾರಗಳಲ್ಲಿ ಮೈಯೇ ಹೀರಿಕೊಳ್ಳುತ್ತದೆ. ಹಿಂಬದಿಯ ಚಿಕ್ಕ ಮೆದುಳಲ್ಲಿ ದೊಡ್ಡದಾಗಿ ಸೋರಿದರಂತೂ ಆಪರೇಷನ್‌ಗೆ ತಡ ಮಾಡಲ್ಲ. ಈ ಸ್ಥಿತಿಯಲ್ಲಿ ಊರೂರು ಒಯ್ಯಬೇಡಿ. ಸಂಶಯ ಇದ್ದರೆ ಸ್ಕ್ಯಾನ್ ಪ್ರತಿ ತಗೊಂಡು ಇನ್ನೊಬ್ಬ ನ್ಯೂರೋ ಡಾಕ್ಟರಿಗೆ ತೋರಿಸಿ.

ಹಾವೇರಿ_ಮಾಸ್ತರ: ನಮ್ಮಪ್ಪನಿಗೂ ಇದೇ ಆಗಿತ್ತು. ಬಂದವರೆಲ್ಲ ಒಂದೊಂದು ಹೇಳ್ತಾರೆ, ಒಬ್ಬರಂತೂ ಪಾರಿವಾಳದ ರಕ್ತ ತಿಕ್ಕಿ ಅಂದರು. ಬಾಯಿಗೆ ನೀರು, ಚಹಾ ಅಂತೂ ಡಾಕ್ಟರ್ ಹೇಳೋ ತನಕ ಬೇಡವೇ ಬೇಡ, ನುಂಗೋಕೆ ಬರದಿದ್ದರೆ ಪುಪ್ಪುಸಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಫಿಸಿಯೋಥೆರಪಿ ಬಿಡಬೇಡಿ. ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ, ಬೆರಳು ಮಾತ್ರ ಇನ್ನೂ ಬಿಗಿ, ಅಂಗಿ ಗುಂಡಿ ನಾವೇ ಹಾಕಬೇಕು.

ಗದಗ_ಹುಡುಗ: ಅಕ್ಕಾರ, ಮಾಸ್ತರ, ಭಾಳ ಉಪಕಾರ ಆಯ್ತು. ಇನ್ನೊಂದು, ಕಾಕಾ ಬಿಪಿ ಗುಳಿಗೆ ಬಿಟ್ಟಿದ್ದರಂತೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿದಾಗ ಬರೆದುಕೊಟ್ಟ ರಕ್ತ ತೆಳು ಮಾಡೋ ಗುಳಿಗೆ ಮಾತ್ರ ತಪ್ಪದೆ ತಗೋತಿದ್ದರು ಅಂತ ಕಾಕು ಈಗ ಹೇಳ್ತಿದ್ದಾರೆ.

ಧಾರವಾಡ_ಸಿಸ್ಟರ್: ಇದನ್ನು ಐಸಿಯುನಲ್ಲಿ ಹೇಳಿದ್ದೀರಾ? ಇಲ್ಲದಿದ್ದರೆ ಈಗಲೇ ಹೋಗಿ ಹೇಳಿ. ಯಾವ ಗುಳಿಗೆ, ಕೊನೇ ಸಲ ಯಾವಾಗ ತಗೊಂಡರು, ಎರಡೂ ಬೇಕು. ಮನೆಯಲ್ಲಿ ಯಾರಾದರೂ ಇದ್ದರೆ ಗುಳಿಗೆ ಚೀಟಿಯ ಫೋಟೋ ವಾಟ್ಸಾಪ್ ಮಾಡಿಸಿಕೊಳ್ಳಿ. ಅದನ್ನು ಮತ್ತೆ ಯಾವಾಗ ಶುರು ಮಾಡೋದು ಅನ್ನೋದನ್ನು ಹೃದಯದ ಡಾಕ್ಟರು, ನ್ಯೂರೋದವರು ಇಬ್ಬರೂ ಕೂತು ತೀರ್ಮಾನಿಸಬೇಕು, ಅಲ್ಲಿವರೆಗೆ ನೀವಾಗಿ ಕೊಡಬೇಡಿ.