ಎಷ್ಟು ಸೀಟಿ ಕೂಗಿಸಿದರೂ ಕಡಲೆಕಾಯಿಯ ಬೀಜಕ್ಕೆ ಉಪ್ಪು ಹಿಡಿಯುತ್ತಿಲ್ಲ

ಪ್ರಶ್ನೆ (ಮಡಿಕೇರಿಯಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ಕಾರ್ತಿಕದಲ್ಲಿ ಶುಕ್ರವಾರದ ಸಂತೆಯಿಂದ ತಂದ ಕಡಲೆಕಾಯಿಯನ್ನು ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದ್ದೆ. ಬೀಜ ಮೆತ್ತಗಾಗಿ, ಉಪ್ಪು ಒಳಗಿನವರೆಗೂ ಹಿಡಿದಿತ್ತು. ಈಗ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಬಿಡದೆ ಹೊಯ್ಯುತ್ತಿರುವಾಗ ಸಂಜೆಯ ಕಾಫಿಯ ಜೊತೆಗೆ ಅದನ್ನೇ ಮಾಡೋಣವೆಂದು ಅಂಗಡಿಯಿಂದ ಒಂದು ಕೆ.ಜಿ. ತಂದು, ಅದೇ ಅಳತೆಯ ನೀರು, ಉಪ್ಪು ಹಾಕಿ ಎಂಟು ಸೀಟಿ ಕೂಗಿಸಿದರೂ ಬೀಜ ಗಟ್ಟಿಯಾಗಿಯೇ ಉಳಿಯಿತು. ಸಿಪ್ಪೆ ಚೀಪಿದರೆ ಉಪ್ಪು, ಬೀಜ ಮಾತ್ರ ಸಪ್ಪೆ. ಉಳಿದದ್ದನ್ನು ಪಾತ್ರೆಯಲ್ಲೇ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಸಿಪ್ಪೆಯೆಲ್ಲ ಲೋಳೆಲೋಳೆಯಾಗಿತ್ತು. ತಪ್ಪು ಎಲ್ಲಿದೆಯೆಂದು ದಯವಿಟ್ಟು ತಿಳಿಸಿ.

ಉತ್ತರ (ಗೋಣಿಕೊಪ್ಪಲಿನಿಂದ)

ನಮಸ್ಕಾರ. ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿ. ಗಲಗಲ ಸದ್ದು ಬಂದರೆ ಅದು ಒಣಗಿದ ಕಾಯಿ. ಹೊಲದಿಂದ ಕಿತ್ತ ಹಸಿಕಾಯಿಯಲ್ಲಿ ಬೀಜ ಸಿಪ್ಪೆಗೆ ಒತ್ತಿಕೊಂಡಿರುವುದರಿಂದ ಸದ್ದು ಬರುವುದಿಲ್ಲ. ಮುಂಗಾರಿನಲ್ಲಿ ಬಿತ್ತಿದ ಬೆಳೆಯ ಕಾಯಿ ಕಾರ್ತಿಕದ ಹೊತ್ತಿಗೆ ಹಸಿಯಾಗಿ ಸಂತೆಗೆ ಬರುತ್ತದೆ. ಈಗ ನಿಮಗೆ ಸಿಕ್ಕಿರುವುದು ಬಹುಶಃ ಒಣಗಿಸಿ ಮೂಟೆ ಕಟ್ಟಿಟ್ಟಿದ್ದ ಕಾಯಿ. ಅದಕ್ಕೆ ಹಸಿಕಾಯಿಯ ಲೆಕ್ಕ ಹೊಂದುವುದಿಲ್ಲ.

ಮೊದಲು ಹತ್ತು ಹನ್ನೆರಡು ಗಂಟೆ ನೆನೆಹಾಕಬೇಕು. ಕಾಯಿಗಳು ತೇಲುವುದರಿಂದ ಮೇಲೊಂದು ತಟ್ಟೆ ಕವುಚಿ ಭಾರ ಇಡಿ. ಬಳಿಕ ಲೀಟರ್ ನೀರಿಗೆ ಸುಮಾರು 30 ಗ್ರಾಂ ಕಲ್ಲುಪ್ಪು ಹಾಕಿ, ಮೊದಲ ಸೀಟಿಯ ನಂತರ ಉರಿ ತಗ್ಗಿಸಿ ಮುಕ್ಕಾಲು ಗಂಟೆ ಬೇಯಿಸಿ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ಒಣಕಾಯಿ ಬೇಯಿಸಲು ಹೊರಟರೆ ಗ್ಯಾಸು ವ್ಯರ್ಥ. ಕುಕ್ಕರೇ ಸರಿ.

ಆದರೆ ಉಪ್ಪು ಹಿಡಿಯುವುದು ಬಹುಪಾಲು ಒಲೆ ಆರಿಸಿದ ಮೇಲೆ. ಬೇಯುವಾಗ ಸಿಪ್ಪೆಯೊಳಗೆ ಆವಿ ತುಂಬಿಕೊಂಡಿರುತ್ತದೆ. ಅದು ತಣಿದು ಕುಗ್ಗಿದಂತೆ ಸುತ್ತಲಿನ ಉಪ್ಪುನೀರನ್ನು ಸಿಪ್ಪೆಯ ಸಣ್ಣ ರಂಧ್ರಗಳ ಮೂಲಕ ಒಳಗೆಳೆದುಕೊಳ್ಳುತ್ತದೆ. ಬಿಸಿಯಿರುವಾಗಲೇ ನೀರು ಬಸಿದರೆ ಎಳೆದುಕೊಳ್ಳಲು ಏನೂ ಉಳಿಯುವುದಿಲ್ಲ. ಸೀಟಿಯನ್ನು ಎತ್ತಿ ಆವಿ ಬಿಡದೆ, ಒತ್ತಡ ತಾನಾಗಿ ಇಳಿದ ಮೇಲೂ ಎರಡು ಗಂಟೆ ಅದೇ ನೀರಿನಲ್ಲಿ ಬಿಡಿ. ನಡುವೆ ಒಂದನ್ನು ಬಿಡಿಸಿ ನೋಡಿ: ಚಿಟಿಕೆಯಲ್ಲಿ ಒತ್ತಿದೊಡನೆ ಸಿಪ್ಪೆಯ ತುದಿಯಿಂದ ಉಪ್ಪುನೀರು ಚಿಮ್ಮಿದರೆ ಕೆಲಸ ಆಗಿದೆಯೆಂದೇ ಅರ್ಥ. ನನಗಂತೂ ಆ ಮೊದಲ ಗುಟುಕು ಬೀಜಕ್ಕಿಂತ ಇಷ್ಟ.

ಲೋಳೆಯಾದದ್ದನ್ನು ಖಂಡಿತ ತಿನ್ನಬೇಡಿ. ಬೆಂದ ಕಡಲೆಕಾಯಿ ಹೊರಗಿಟ್ಟರೆ ಬೇಗ ಹಳಸುತ್ತದೆ. ನೀರು ಬಸಿದು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ನಮ್ಮ ಮಳೆಗಾಲದ ತೇವಕ್ಕೆ ಒಣಕಾಯಿಗೂ ಬೂಷ್ಟು ಹಿಡಿಯುವುದುಂಟು. ಕೆಲವು ಬೂಷ್ಟುಗಳಿಂದ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲವಾದ್ದರಿಂದ, ಕಮಟು ವಾಸನೆಯ ಅಥವಾ ಹಸಿರು ಪುಡಿ ಕಂಡ ಕಾಯಿಗಳನ್ನು ನೆನೆಹಾಕುವ ಮೊದಲೇ ಎಸೆದುಬಿಡಿ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ನಿನ್ನೆ ರಾತ್ರಿ ನೆನೆಹಾಕಿ ಇಂದು ನೀವು ಹೇಳಿದಂತೆಯೇ ಬೇಯಿಸಿದೆ. ಒಂದು ಗಂಟೆ ನೀರಿನಲ್ಲಿ ಬಿಟ್ಟು ತೆಗೆದದ್ದು ಇನ್ನೂ ಸಪ್ಪೆಯಿತ್ತು. ಎರಡೂವರೆ ಗಂಟೆ ಬಿಟ್ಟದ್ದಕ್ಕೆ ಉಪ್ಪು ಸರಿಯಾಗಿ ಹಿಡಿದಿತ್ತು. ಬೀಜ ಮಾತ್ರ ಹಸಿಕಾಯಿಯಷ್ಟು ಸಿಹಿ ಬರಲಿಲ್ಲ. ಅದಕ್ಕೆ ಕಾರ್ತಿಕದ ಸಂತೆಯವರೆಗೆ ಕಾಯುತ್ತೇನೆ.